ಅರ್ಧ ಕಿಲೋಮೀಟರಿನೊಳಗೆ

ಗುರುಚರಣ ಕೋಯಂಬೇಡು ಮಾರುಕಟ್ಟೆಯಿಂದ ವಾರದ ತರಕಾರಿ ತಂದು ಹಜಾರದಲ್ಲಿ ಸುರಿದು ಸ್ನಾನಕ್ಕೆ ಹೋಗಿದ್ದ. ಶ್ರೀವಿದ್ಯಾ ಗೋರಿಕಾಯಿ, ಬೂದುಗುಂಬಳ, ಕೊತ್ತಂಬರಿ ಎಲ್ಲ ಬೇರೆ ಬೇರೆ ಮಾಡುತ್ತ ಕೂತಿದ್ದಾಗ ತಿರುಮಲ ಒಂದು ಫೈಲು ಹಿಡಿದು ಒಳಗೆ ಬಂದರು. ಬ್ಯಾಂಕಿನಿಂದ ನಿವೃತ್ತರಾದ ಮನುಷ್ಯ, ಬೀದಿಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಹೊಸೂರು ಕಡೆಯವರಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ವೇಲಚೇರಿಯ ಆ ಬೀದಿಯ ಕೊನೆಯಲ್ಲಿ, ಹಳೆಯ ಪಿಂಗಾಣಿ ಕಾರ್ಖಾನೆಯ ಗೋಡೆಗೆ ಒತ್ತಿಕೊಂಡು ತಿರುಮಲರ ಮನೆ.

"ಪಿಂಗಾಣಿ ಕಾರ್ಖಾನೆ ಜಾಗ ಮಾರ್ತಾರಂತೆ ಅಮ್ಮಾ. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸೋ ಕಂಪನಿಗೆ. ಬೇಡ ಅಂತ ಅರ್ಜಿ ಕೊಡೋಣ ಅಂತ," ಎಂದರು.

ಅದು ಸರ್ಕಾರಿ ಕಾರ್ಖಾನೆ. ಉಪ್ಪಿನಕಾಯಿ ಜಾಡಿ, ಆಸ್ಪತ್ರೆ ಬೋಗುಣಿ, ರೈಲ್ವೆ ಕ್ಯಾಂಟೀನಿನ ಕಪ್ಪು ಬಸಿ ಎಲ್ಲ ಅಲ್ಲಿ ತಯಾರಾಗುತ್ತಿದ್ದವು. ಬಾಗಿಲು ಮುಚ್ಚಿ ನಾಲ್ಕು ವರ್ಷ. ಹದಿನಾಲ್ಕು ಎಕರೆಯಲ್ಲಿ ಜಾಲಿ ಬೆಳೆದಿತ್ತು. ಶ್ರೀವಿದ್ಯಾಳ ಮಾವ ವಿಷ್ಣುತೀರ್ಥರು ಅಲ್ಲಿ ಇಪ್ಪತ್ತಮೂರು ವರ್ಷ ದುಡಿದು, ಮೇಲ್ವಿಚಾರಕರಾಗಿ ನಿವೃತ್ತರಾದವರು. ಅವರು ಜಪದ ಮಣೆಯಿಂದ ಎದ್ದು ಬಂದು ಕನ್ನಡಕ ಹಾಕಿಕೊಂಡು, ಅರ್ಜಿ ಪೂರ್ತಿ ಓದಿ, ದೊಡ್ಡದಾಗಿ ಸಹಿ ಮಾಡಿದರು.

"ನಾವು ಊಟ ಮಾಡೋ ಪಾತ್ರೆ ಮಾಡಿದ ಜಾಗ ಅದು. ಅಲ್ಲಿ ಸೀಸ ಕರಗಿಸ್ತಾರಂತಾ?"

ಗುರುಚರಣ ಟವೆಲು ಹೊದ್ದು ಹೊರಗೆ ಬಂದ. ಫೈಲು ನೋಡಿದ ಕೂಡಲೇ ಅವನ ಮುಖ ಬಿಗಿಯಿತು.

"ತಿರುಮಲ ಸಾರ್, ನಮ್ಮನೇದು ಬಿಟ್ಬಿಡಿ."

"ರಾಯರು ಆಗ್ಲೇ ಹಾಕಿದ್ರಲ್ಲಾ."

"ಅದನ್ನ ಹೊಡೆದುಹಾಕಿ. ಮಾರ್ತಿರೋದು ನಮ್ಮ ಆಫೀಸು. ನನ್ನ ಮನೆಯಿಂದಲೇ ಅರ್ಜಿ ಹೋದ್ರೆ ಹೇಗಿರತ್ತೆ?"

ಗುರುಚರಣ ರಾಜ್ಯದ ಕೈಗಾರಿಕಾ ನಿಗಮದಲ್ಲಿ ಭೂ ವಿಭಾಗದ ಸಹಾಯಕ ವ್ಯವಸ್ಥಾಪಕ. ವಿಷ್ಣುತೀರ್ಥರು ಮಗನನ್ನು ಮೇಲಿಂದ ಕೆಳಗೆ ನೋಡಿದರು.

"ಮನೆ ನನ್ನ ಹೆಸರಲ್ಲಿದೆ. ಸಹಿ ನನ್ನದು. ಹೊಡೆದುಹಾಕೋಕೆ ನೀನು ಯಾರು?"

ತಿರುಮಲ ಫೈಲು ಮಡಿಚಿಕೊಂಡು, ಕಾಫಿ ಬೇಡವೆಂದು ಹೊರಟುಬಿಟ್ಟರು.

ಅವತ್ತಿನಿಂದ ಅಪ್ಪ ಮಗನಿಗೆ ಮಾತು ನಿಂತಿತು. ಊಟಕ್ಕೆ ಕೂತರೆ ಎಲ್ಲ ಮಾತೂ ಶ್ರೀವಿದ್ಯಾಳ ಮೂಲಕ. "ಕರೆಂಟ್ ಬಿಲ್ಲು ಕಟ್ಟಿದನಾ ಕೇಳು" ಎಂದು ಮಾವ ಅನ್ನುತ್ತಿದ್ದರು. ಎರಡು ಅಡಿ ದೂರದಲ್ಲಿ ಕೂತ ಗಂಡ "ನಾಳೆ ಕಟ್ತೀನಿ ಅಂತ ಹೇಳು" ಅನ್ನುತ್ತಿದ್ದ. ಶ್ರೀವಿದ್ಯಾ ಸಾರಿನ ಸೌಟು ಹಿಡಿದು ಇಬ್ಬರ ಮುಖವನ್ನೂ ನೋಡುತ್ತ ನಿಲ್ಲುತ್ತಿದ್ದಳು. ಮಗಳು ಮಾನ್ಯಾಗೆ ಹದಿನೇಳು, ಪ್ಲಸ್ ಟೂ ಓದುತ್ತಿದ್ದಳು. ಅವಳಿಗೆ ಇದೊಂದು ತಮಾಷೆ. "ತಾತಾ, ನಾನು ಬೇಕಾದ್ರೆ ಟೆಲಿಗ್ರಾಮ್ ಕಳಿಸ್ತೀನಿ," ಎಂದು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಅಕ್ಟೋಬರ್ ಎರಡನೇ ವಾರ ಸಾರ್ವಜನಿಕ ವಿಚಾರಣೆ. ಯೋಜನೆಯ ವಿವರ ಕಲೆಕ್ಟರ್ ಕಚೇರಿಯಲ್ಲಿ ನೋಡಲು ಸಿಗುತ್ತದೆ ಎಂದಿತ್ತು. ಇಂಗ್ಲಿಷ್ ಓದಿ ಅರ್ಥಮಾಡಿಕೊಂಡು ಬರೆದುಕೊಳ್ಳುವವರು ಯಾರಾದರೂ ಜೊತೆಗೆ ಬೇಕೆಂದು ತಿರುಮಲ ಕೇಳಿದರು. ಶ್ರೀವಿದ್ಯಾ ಮನೆಯಲ್ಲೇ ಹಿಂದಿ ಪರೀಕ್ಷೆಗಳಿಗೆ ಪಾಠ ಹೇಳುತ್ತಿದ್ದವಳು, ಇಂಗ್ಲಿಷೂ ಬರುತ್ತಿತ್ತು, ಅವಳ ಅಕ್ಷರ ಇಡೀ ಬೀದಿಗೆ ಪರಿಚಯ. ಬುಧವಾರ ಅಡಿಗೆ ಬೇಗ ಮುಗಿಸಿ, ಮಾವನಿಗೆ ಊಟ ಬಡಿಸಿ, ಗಂಡನಿಗೆ ಹೇಳದೆ, ತಿರುಮಲರ ಜೊತೆ ಕಲೆಕ್ಟರ್ ಕಚೇರಿಯಿರುವ ಪ್ಯಾರಿಸ್ ಕಾರ್ನರಿನ ಬಸ್ಸು ಹತ್ತಿದಳು.

ಅಲ್ಲಿ ಗುಮಾಸ್ತ ಒಂದು ದಪ್ಪ ಪುಸ್ತಕ ಕೊಟ್ಟು, ಜೆರಾಕ್ಸ್ ಮಾಡಿಸುವಂತಿಲ್ಲ, ಇಲ್ಲೇ ಕೂತು ಓದಿ ಎಂದ. ತಿರುಮಲ ಹೊಗೆಕೊಳವೆಯ ಎತ್ತರ, ನೀರಿನ ಲೆಕ್ಕ ನೋಡಿದರು. ಶ್ರೀವಿದ್ಯಾ ಕೊನೆಯ ಪುಟಗಳಿಗೆ ಹೋದಳು. ನಿಗಮದ ಕಾಗದವೊಂದು ಅಲ್ಲಿತ್ತು. ಸ್ಥಳ ಪರಿಶೀಲಿಸಲಾಗಿದೆ, ನಿವೇಶನದ ಅರ್ಧ ಕಿಲೋಮೀಟರಿನೊಳಗೆ ವಸತಿ ಇಲ್ಲ, ಮಳೆನೀರು ಪಶ್ಚಿಮದ ಕಾಲುವೆಗೆ ಹರಿದುಹೋಗುತ್ತದೆ. ಕೆಳಗೆ ಸಹಿ. ಆ ಸಹಿಯನ್ನು ಅವಳು ಇಪ್ಪತ್ತು ವರ್ಷದಿಂದ ಮಾನ್ಯಾಳ ಪ್ರೋಗ್ರೆಸ್ ಕಾರ್ಡಿನಲ್ಲಿ, ರೇಷನ್ ಕಾರ್ಡಿನಲ್ಲಿ, ತನ್ನ ತಮ್ಮನಿಗೆ ಬರೆದ ಕಾಗದಗಳಲ್ಲಿ ನೋಡಿದ್ದಳು.

"ಏನಾದ್ರೂ ಸಿಕ್ತಾಮ್ಮಾ?" ತಿರುಮಲ ಕೇಳಿದರು.

"ವಸತಿ ಇಲ್ಲ ಅಂತ ಬರೆದಿದ್ದಾರೆ."

"ಯಾರು?"

"ನಿಗಮದವರು," ಎಂದು ಹೇಳಿ ಅವಳು ಆ ಮೂರು ಸಾಲು ನೋಟುಬುಕ್ಕಿಗೆ ಇಳಿಸಿಕೊಂಡಳು. ಹೆಸರು ಬರೆದುಕೊಳ್ಳಲಿಲ್ಲ.

ಸಂಜೆ ಏಳಕ್ಕೆ ಗುರುಚರಣ ಬಂದ. ಶ್ರೀವಿದ್ಯಾ ಅಡಿಗೆಮನೆಯಲ್ಲಿ ದೋಸೆಗೆ ರುಬ್ಬುತ್ತಿದ್ದಳು. ಗ್ರೈಂಡರಿನ ಸದ್ದಿಗೆ ಮಾತು ಹಜಾರಕ್ಕೆ ಕೇಳುತ್ತಿರಲಿಲ್ಲ. ಅವನು ನೀರು ಕುಡಿಯಲು ಒಳಗೆ ಬಂದಾಗ ನೋಟುಬುಕ್ಕು ಮುಂದೆ ಇಟ್ಟಳು. ಅವನು ಓದಿ ಲೋಟ ಕೆಳಗಿಟ್ಟ.

"ಕಲೆಕ್ಟರ್ ಆಫೀಸಿಗೆ ಹೋಗಿದ್ಯಾ?"

"ಹೋಗಿದ್ದೆ. ಯಾಕೆ ಹೀಗೆ ಬರೆದ್ರಿ?"

"ನಾನು ಬರೆದಿದ್ದಲ್ಲ. ಎಪ್ಪತ್ತೊಂದರ ಫೈಲಲ್ಲಿ ಒಂದು ಮ್ಯಾಪ್ ಇದೆ. ಆಗ ಇಲ್ಲೆಲ್ಲ ಗದ್ದೆ. ಮ್ಯಾನೇಜರು ಹನ್ನೆರಡು ಗಂಟೆಗೆ ಕರೆದು ಎರಡು ಗಂಟೆಗೆ ಕಾಗದ ಬೇಕು ಅಂದ್ರು. ಹಳೇದನ್ನ ನೋಡಿ ಟೈಪ್ ಮಾಡಿಸ್ದೆ."

"ಸ್ಥಳ ನೋಡಿದೀನಿ ಅಂತ ಇದೆ."

"ಎಲ್ಲ ಕಾಗದದಲ್ಲೂ ಹಾಗೇ ಇರತ್ತೆ. ಅಷ್ಟು ಹೊತ್ತಲ್ಲಿ ಹೋಗಿ ನೋಡೋಕೆ ಆಗತ್ತಾ?"

"ನೀವು ಹೋಗೋದೇ ಬೇಡ. ದಿನಾ ಮನೆಗೆ ಬರ್ತೀರಲ್ಲ, ಸಾಕು."

ಅವನು ಲೋಟ ಎತ್ತಿ ಮತ್ತೆ ನೀರು ತುಂಬಿಕೊಂಡ.

"ದೀಪಾವಳಿ ಹೊತ್ತಿನ ಐಪ್ಪಸಿ ಮಳೇಲಿ ನೀರು ಎಲ್ಲಿಂದ ಬರತ್ತೆ ಅಂತ ನಿಮಗೆ ಗೊತ್ತಿಲ್ವಾ?" ಎಂದು ಅವಳೇ ಮುಂದುವರಿಸಿದಳು. "ಕಾರ್ಖಾನೆ ಗೋಡೆ ಸಂದಿಯಿಂದ ನಮ್ಮ ಬೀದಿಗೆ. ಹೋದ ವರ್ಷ ಮಾನ್ಯಾ ಪುಸ್ತಕ ಎಲ್ಲ ನಾವೇ ಅಟ್ಟದ ಮೇಲೆ ಹಾಕಿದ್ವಿ. ಬಾವಿ ಕಟ್ಟೆ ಮುಳುಗಿತ್ತು."

"ಈಗ ಏನು ಮಾಡು ಅಂತೀ?"

"ತಪ್ಪಾಗಿದೆ ಅಂತ ಇನ್ನೊಂದು ಕಾಗದ ಬರೀರಿ. ವಿಚಾರಣೆಗೆ ಇನ್ನೂ ಮೂರು ವಾರ ಇದೆ. ತಿರುಮಲ ಅವರಿಗೆ ನಿಮ್ಮ ಹೆಸರು ಹೇಳಿಲ್ಲ. ಮಾವನಿಗೂ ಹೇಳಲ್ಲ."

ಗುರುಚರಣ ಬರೆಯಲು ಹೊರಟದ್ದು ನಿಜ. ಮರುದಿನ ಕರಡು ಮಾಡಿ ಮ್ಯಾನೇಜರ ಮೇಜಿನ ಮೇಲಿಟ್ಟ. ವಿಚಾರಣೆ ಮುಗಿಯಲಿ, ಆಮೇಲೆ ನೋಡೋಣ ಎಂದು ಅವರು ಅದನ್ನು ಡ್ರಾಯರಿಗೆ ಹಾಕಿದರು. ಎರಡನೇ ಸಲ ಕೇಳಿದಾಗ, ಮುಂದಿನ ವರ್ಷದ ಬಡ್ತಿ ಪಟ್ಟಿಯಲ್ಲಿ ನಿಮ್ಮ ಹೆಸರಿದೆ ಅಲ್ಲವಾ ಎಂದು ನಕ್ಕರು. ಮೂರನೇ ಸಲ ಅವನು ಕೇಳಲಿಲ್ಲ. ಇದನ್ನೆಲ್ಲ ಒಂದೊಂದು ದಿನ ಒಂದೊಂದು ತುಂಡಾಗಿ, ಊಟ ಮುಗಿದ ಮೇಲೆ ಅವನು ಹೆಂಡತಿಗೆ ಹೇಳಿದ.

"ನಾನು ಎದ್ದು ಮಾತಾಡ್ತೀನಿ," ಎಂದಳು ಶ್ರೀವಿದ್ಯಾ, ವಿಚಾರಣೆಯ ಹಿಂದಿನ ಸಂಜೆ.

"ಬೇಡ. ನಾನು ಮುಂದಿನ ಸಾಲಲ್ಲಿ ಕೂತಿರ್ತೀನಿ, ಆಫೀಸಿನವರ ಜೊತೆ."

"ನೀರಿನ ವಿಷಯ, ಮನೆ ವಿಷಯ ಮಾತ್ರ ಹೇಳ್ತೀನಿ. ನಿಮ್ಮ ಹೆಸರು ತರಲ್ಲ."

ವಿಚಾರಣೆ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಮದುವೆಯ ಕೆಂಪು ಕುರ್ಚಿಗಳನ್ನೇ ಹಾಕಿದ್ದರು. ಬೀದಿಯವರು ಒಂದು ಕಡೆ ಕೂತರು. ಇನ್ನೊಂದು ಕಡೆ ಕಾರ್ಖಾನೆ ಮುಚ್ಚಿದಾಗ ಕೆಲಸ ಕಳೆದುಕೊಂಡವರು ನಲವತ್ತು ಐವತ್ತು ಜನ. ಕಂಪನಿ ನೂರಿಪ್ಪತ್ತು ಜನಕ್ಕೆ ಕೆಲಸ ಕೊಡುತ್ತದೆಂದು ಅವರಿಗೆ ಹೇಳಿದ್ದರು. ವಿಷ್ಣುತೀರ್ಥರು ಎದ್ದು ಮಾತಾಡಿದಾಗ ಆ ಕಡೆಯಿಂದ ಒಬ್ಬ, "ನಿಮಗೆ ಪೆನ್ಷನ್ ಬರ್ತದೆ ಸಾಮಿ, ನಮಗೆ?" ಎಂದು ತಮಿಳಿನಲ್ಲಿ ಕೇಳಿದ. ರಾಯರು, ನಮ್ಮ ಕಾಲದಲ್ಲಿ ಕಾರ್ಖಾನೆ ಎಷ್ಟು ಶುದ್ಧವಾಗಿತ್ತು ಎಂದು ಮತ್ತೆ ಹೇಳಿ ಕೂತರು.

ಶ್ರೀವಿದ್ಯಾ ಎದ್ದಳು. ಮೈಕಿನ ಹತ್ತಿರ ಕೂತಿದ್ದ ಗುಮಾಸ್ತ ದಾಖಲೆಗೆ ಹೆಸರು ಕೇಳಿದ, ಹೇಳಿದಳು. ಮನೆ ನಂಬರು, ಬೀದಿ ಹೇಳಿದಳು.

"ಗಂಡನ ಹೆಸರು?"

ಅದನ್ನು ಕೇಳುತ್ತಾರೆಂದು ಅವಳಿಗೆ ಹೊಳೆದೇ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಗುರುಚರಣನ ಕತ್ತಿನ ಹಿಂಭಾಗ ಕಾಣುತ್ತಿತ್ತು.

"ಗಂಡನ ಹೆಸರು ಹೇಳಿ ಅಮ್ಮಾ," ಎಂದ ಗುಮಾಸ್ತ ಮತ್ತೆ.

"ಗುರುಚರಣ. ವಿ. ಗುರುಚರಣ."

ಗುಮಾಸ್ತ ಬರೆದುಕೊಂಡ. ಅವಳು ನಮ್ಮ ಗೇಟಿನಿಂದ ಕಾರ್ಖಾನೆ ಗೋಡೆಗೆ ಇನ್ನೂರ ಹತ್ತು ಹೆಜ್ಜೆ ಎಂದಳು. ಬೀದಿಯಲ್ಲಿ ಎಂಬತ್ತಾರು ಮನೆ, ಹದಿನೇಳು ಬಾವಿ. ಮಳೆನೀರು ಪಶ್ಚಿಮಕ್ಕೆ ಹೋಗುವುದಿಲ್ಲ, ನಮ್ಮ ಕಡೆಗೆ ಬರುತ್ತದೆ. ವೇದಿಕೆಯ ಮೇಲಿದ್ದ ಜಿಲ್ಲಾ ಅಧಿಕಾರಿ ಪುಸ್ತಕದ ಕೊನೆಯ ಪುಟ ತಿರುವಿ, ವಸತಿ ಇಲ್ಲವೆಂದು ನಿಗಮದ ಕಾಗದ ಹೇಳುತ್ತದಲ್ಲ ಎಂದರು. ಗುಮಾಸ್ತ ಅವರ ಕಿವಿಯಲ್ಲಿ ಏನೋ ಹೇಳಿದ. ಅವರು ಕನ್ನಡಕ ತೆಗೆದು ಮುಂದಿನ ಸಾಲುಗಳನ್ನು ನೋಡಿದರು.

"ಸಹಿ ಮಾಡಿದ ಗುರುಚರಣ ಯಾರು? ಬಂದಿದ್ದಾರಾ?"

ಗುರುಚರಣ ಎದ್ದ. ಪಕ್ಕದಲ್ಲಿದ್ದ ಮ್ಯಾನೇಜರು ತೋಳು ಹಿಡಿದರೂ ಕೂರಲಿಲ್ಲ.

"ನಾನೇ ಸಾರ್. ಹಳೇ ಮ್ಯಾಪ್ ನೋಡಿ ಬರೆದ ಕಾಗದ ಅದು. ಸ್ಥಳ ನೋಡಿಲ್ಲ. ಈಗ ಮಾತಾಡಿದವರು ಹೇಳಿದ ಅಳತೆ ಸರಿ. ಆ ಮನೆ ನನ್ನದೇ."

ಮಂಟಪದಲ್ಲಿ ಗಲಾಟೆಯಾಯಿತು. ಕಂಪನಿಯ ಪ್ರತಿನಿಧಿ ಎದ್ದು, ನಮ್ಮ ಮೇಲೆ ನಾಳೆ ಯಾರೂ ಸುಮ್ಮನೆ ದೂರು ಹೇಳಬಾರದು, ಈಗಿನ ಬಾವಿಗಳ ನೀರು ಪರೀಕ್ಷಿಸಿ ದಾಖಲೆ ಮಾಡಿ ಎಂದು ಕೇಳಿದ. ಅಧಿಕಾರಿ ಅದನ್ನೂ ಬರೆಸಿದರು.

ಮನೆಗೆ ಬಂದು ಊಟಕ್ಕೆ ಕೂತಾಗ ವಿಷ್ಣುತೀರ್ಥರು ಎರಡು ತಿಂಗಳಲ್ಲಿ ಮೊದಲ ಸಲ ಮಗನನ್ನು ನೇರವಾಗಿ ಮಾತಾಡಿಸಿದರು. ಬೈಯುವುದಕ್ಕೇ.

"ನೋಡದೇ ಇದ್ದದ್ದನ್ನ ನೋಡಿದೀನಿ ಅಂತ ಬರೆದ್ಯಾ? ಇಪ್ಪತ್ತಮೂರು ವರ್ಷ ಕೆಲಸ ಮಾಡ್ದೆ, ಒಂದು ಸುಳ್ಳು ಕಾಗದಕ್ಕೆ ಸಹಿ ಹಾಕಿಲ್ಲ ನಾನು."

"ತಪ್ಪಾಯ್ತು ಅಂತ ಅಷ್ಟು ಜನದ ಮುಂದೆ ಹೇಳಿದೀನಲ್ಲಪ್ಪಾ."

"ಅವಳು ಎದ್ದಿದ್ದಕ್ಕೆ ಹೇಳ್ದೆ."

"ಪೋದುಂ ತಾತಾ," ಎಂದಳು ಮಾನ್ಯಾ, ಈ ಸಲ ನಗದೆ. ಸಾಕೆನ್ನುವಂತೆ ಕೈ ಎತ್ತಿದ್ದಳು. ಗುರುಚರಣ ಮಜ್ಜಿಗೆ ಅನ್ನ ಬಿಟ್ಟು ಎದ್ದುಹೋದ.

ಹತ್ತು ದಿನದಲ್ಲಿ ಅವನಿಗೆ ಮೆಮೊ ಬಂತು, ದೀಪಾವಳಿ ಕಳೆದ ಮೇಲೆ ತಿರುನೆಲ್ವೇಲಿಗೆ ವರ್ಗ. ಅವನು ಒಂದು ಸೂಟ್‌ಕೇಸು, ಒಂದು ಚಟ್ನಿಪುಡಿ ಡಬ್ಬಿ ತೆಗೆದುಕೊಂಡು ಎಗ್ಮೋರಿನಿಂದ ರೈಲು ಹತ್ತಿದ. ಎರಡು ವಾರಕ್ಕೊಮ್ಮೆ ಶನಿವಾರ ಬೆಳಿಗ್ಗೆ ಬರುತ್ತಿದ್ದ. ಶ್ರೀವಿದ್ಯಾಗೆ ಕೋಯಂಬೇಡಿನ ಕೆಲಸವೂ ಬಿತ್ತು. ಗಂಡನ ಮೇಲೆ ಅವಳಿಗೆ ಕೋಪ ಹೋಗಿತ್ತು. ಅವನಿಗೆ ಅವಳ ಮೇಲೆ ಇತ್ತೋ ಇಲ್ಲವೋ, ಕೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಒಂದು ಶನಿವಾರ ಅವನ ಅಂಗಿಗಳನ್ನು ನೆನೆಹಾಕುತ್ತ, "ನಾನು ಬೇರೆ ಹೆಸರು ಹೇಳಬಹುದಿತ್ತಾ?" ಎಂದಳು.

"ಬೇರೆ ಗಂಡ ಇದ್ದಿದ್ರೆ ಹೇಳಬಹುದಿತ್ತು," ಎಂದು ಅವನು ಬಕೀಟಿಗೆ ನೀರು ಸುರಿದ.

ಡಿಸೆಂಬರಿನಲ್ಲಿ ಕಂಪನಿ ಹಿಂದೆ ಸರಿಯಿತು. ಪತ್ರಿಕೆಯಲ್ಲಿ ನಾಲ್ಕು ಸಾಲು. ತಿರುಮಲ ಮನೆಮನೆಗೂ ಮೈಸೂರುಪಾಕು ಹಂಚಿದರು. ವಿಷ್ಣುತೀರ್ಥರು ಎರಡು ತುಂಡು ತಿಂದರು.

ಜನವರಿಯಲ್ಲಿ, ಪೊಂಗಲ್ ಆದ ವಾರ, ಬಾವಿಗಳ ವರದಿ ಬಂತು. ಹದಿನೇಳರಲ್ಲಿ ಆರು ಬಾವಿಗಳಲ್ಲಿ ಸೀಸ ಇತ್ತು, ಕುಡಿಯಲು ಅಡಿಗೆಗೆ ಬಳಸುವಂತಿಲ್ಲ. ತಿರುಮಲರ ಬಾವಿಯಲ್ಲಿ ಎಲ್ಲಕ್ಕಿಂತ ಹೆಚ್ಚು. ವಿಷ್ಣುತೀರ್ಥರ ಬಾವಿ ಮೂರನೆಯದು.

ಬೀದಿಯವರು ರಾಯರ ಮನೆಯ ಜಗಲಿಯಲ್ಲಿ ಸೇರಿದರು. ಕಂಪನಿ ಬರಲೇ ಇಲ್ಲವಲ್ಲ, ಸೀಸ ಎಲ್ಲಿಂದ ಬಂತು ಎಂದು ಒಬ್ಬರು ಕೇಳಿದರು. ಮನೆ ಮಾರಲು ಮುಂಗಡ ತೆಗೆದುಕೊಂಡಿದ್ದ ಇನ್ನೊಬ್ಬರು ಶ್ರೀವಿದ್ಯಾಳ ಕಡೆ ತಿರುಗಿ, "ನೀವು ಮೈಕಲ್ಲಿ ಬಾವಿ ಬಾವಿ ಅಂದ್ರಿ, ಈಗ ಬೀದಿ ಹೆಸರೇ ಹೋಯ್ತು," ಎಂದರು. ಮಾಲಿನ್ಯ ನಿಯಂತ್ರಣ ಮಂಡಳಿಯ ಇಂಜಿನಿಯರು ವಾಸಂತಿ, ಮೂವತ್ತರ ಹೆಂಗಸು, ಮೂಲ ತಿಳಿಯದೆ ಏನೂ ಮಾಡಲಾಗುವುದಿಲ್ಲ, ಹದಿನಾಲ್ಕು ಎಕರೆಯಲ್ಲಿ ಎಲ್ಲಿ ಅಂತ ಅಗೆಯಲಿ ಎಂದಳು.

ವಿಷ್ಣುತೀರ್ಥರು ಒಳಗೆ ಹೋಗಿ ಮಲಗಿದರು. ಅಂದು ರಾತ್ರಿ ಊಟ ಬೇಡವೆಂದರು. ಮರುದಿನವೂ ಹಾಲು ಮಾತ್ರ. ಬಾವಿಯ ನೀರಿಲ್ಲದೆ ಮಡಿ ಹೇಗೆ, ದೇವರ ಪೂಜೆ ಹೇಗೆ ಎಂಬ ಸಂಕಟವಿರಬೇಕೆಂದು ಶ್ರೀವಿದ್ಯಾ ಎಣಿಸಿದಳು. ಲಾರಿ ನೀರನ್ನು ಹೊಸ ಕೊಡದಲ್ಲಿ ತುಂಬಿಸಿ, ಮುಚ್ಚಿ, ಅವರ ಕೋಣೆಯ ಬಾಗಿಲಲ್ಲಿ ಇಟ್ಟಳು.

"ಇದರಲ್ಲೇ ಮಾಡಿ ಮಾವ. ಈಗಿನ ಕಾಲಕ್ಕೆ ನಡೆಯತ್ತೆ ಅಂತ ಪಶ್ಚಿಮ ಮಾಂಬಳದ ಮಠದಲ್ಲೂ ಕೇಳ್ಕೊಂಡು ಬಂದೆ."

ಅವರು ಎದ್ದು ಕೂತರು.

"ನೀರಿನ ವಿಷಯ ಅಲ್ಲಮ್ಮಾ. ಭೋಜರಾಜ ಅಂತ ಒಬ್ಬ ಇದ್ದ. ನಿನಗೆ ಗೊತ್ತಿಲ್ಲ, ನೀನು ಬರೋಕೆ ಮುಂಚೆ."

"ಯಾರು?"

"ಜಾಡಿ ಮೇಲೆ ಹೊಳಪು ಬರ್ತದಲ್ಲ, ಆ ಬಣ್ಣ ಕಲಸ್ತಿದ್ದ. ಕೆಂಪು ಪುಡಿ. ಸೀಸದ್ದು. ಒಂದು ದಿನ ಅವನ ಮುಂಗೈ ಬಿದ್ದುಹೋಯ್ತು, ಎತ್ತೋಕೇ ಆಗ್ಲಿಲ್ಲ. ವಾಯು ಅಂದ್ವಿ ನಾವು. ನಾನೇ ಅಂದೆ. ಡಾಕ್ಟ್ರು ಸೀಸ ಅಂತ ಬರೆದ ಚೀಟಿ ನನ್ನ ಹತ್ರ ತಂದು ಕೊಟ್ಟ. ನಾನು ಅದನ್ನ ಮೇಲಕ್ಕೆ ಕಳಿಸ್ಲಿಲ್ಲ. ಅವನು ಕೆಲಸ ಬಿಟ್ಟು ಆರ್ಕಾಟ್ ಕಡೆ ಹೋದ."

ಶ್ರೀವಿದ್ಯಾ ಬಾಗಿಲಲ್ಲೇ ಕೂತಳು.

"ತೊಳೆದ ನೀರೆಲ್ಲ ಗುಂಡಿಗೆ. ತುಂಬಿದ್ರೆ ಮಣ್ಣು ಮುಚ್ಚಿ ಇನ್ನೊಂದು ಗುಂಡಿ. ಎಲ್ಲೆಲ್ಲಿ ಅಂತ ಗೊತ್ತಿರೋನು ಈಗ ನಾನೊಬ್ಬನೇ. ಗುರುಚರಣನಿಗೆ ಸುಳ್ಳು ಸಹಿ ಅಂತ ಅಷ್ಟು ಬೈದೆ ನಾನು."

ಇಪ್ಪತ್ತು ವರ್ಷ ಆ ಬಾವಿಯ ನೀರಿನಲ್ಲಿ ಅವಳು ಅಡಿಗೆ ಮಾಡಿದ್ದಳು. ಮಾನ್ಯಾಗೆ ಹಾಲು ಬೆರೆಸಿದ್ದಳು. ಕೊಡದ ಮುಚ್ಚಳ ಸರಿಮಾಡಿ, "ನಾಳೆ ಶನಿವಾರ. ಅವರು ಬರ್ತಾರೆ. ಅವರಿಗೆ ನೀವೇ ಹೇಳಿ," ಎಂದು ಎದ್ದಳು.

ಗುರುಚರಣ ಬೆಳಿಗ್ಗೆ ರೈಲಿನಿಂದ ನೇರ ಬಂದು ಕಾಫಿ ಕುಡಿಯುತ್ತಿರುವಾಗ ಅಪ್ಪ ಎದುರು ಬಂದು ನಿಂತು ಎಲ್ಲ ಹೇಳಿದರು. ಅವನು ಲೋಟ ಹಿಡಿದುಕೊಂಡೇ ಕೇಳಿದ. ಕೊನೆಯಲ್ಲಿ, ಅಪ್ಪ ಏನೋ ಕಾಯುತ್ತಿರುವಂತೆ ನಿಂತೇ ಇದ್ದದ್ದನ್ನು ಕಂಡು, "ಆ ಇಂಜಿನಿಯರಮ್ಮನ ಫೋನ್ ನಂಬರು ಇದೆಯಾ?" ಎಂದು ಹೆಂಡತಿಯನ್ನು ಕೇಳಿದ. "ಸ್ನಾನ ಮಾಡಿ ಬರ್ತೀನಿ. ಜೊತೆಗೆ ಹೋಗೋಣ ಅಪ್ಪಾ."

"ಪೆನ್ಷನ್ನಿಗೆ ಏನಾದ್ರೂ ಮಾಡ್ತಾರಾ?" ಮುದುಕರು ಕೇಳಿದರು.

"ಗೊತ್ತಿಲ್ಲ. ಮಾಡಿದ್ರೆ ನೋಡೋಣ."

ಸೋಮವಾರದ ತನಕ ಅವನು ರಜೆ ಹಾಕಿದ. ಸೋಮವಾರ ಬೆಳಿಗ್ಗೆ ವಾಸಂತಿ ಇಬ್ಬರು ಕೂಲಿಗಳನ್ನು ಕರೆತಂದಳು. ಗೇಟಿನ ಬೀಗ ತೆಗೆಸಿದರು. ಸುದ್ದಿ ಕೇಳಿ ಬೀದಿಯ ಹತ್ತು ಹದಿನೈದು ಜನ ಹಿಂದೆ ಬಂದರು, ತಿರುಮಲರೂ ಇದ್ದರು. ವಿಷ್ಣುತೀರ್ಥರು ಪಂಚೆ ಎತ್ತಿ ಕಟ್ಟಿ, ಜಾಲಿ ಮುಳ್ಳು ತಪ್ಪಿಸಿಕೊಳ್ಳುತ್ತ, ಕುಸಿದ ಷೆಡ್ಡಿನ ಕಂಬಗಳನ್ನು ಎಣಿಸುತ್ತ ನಡೆದರು. ಏಳನೇ ಕಂಬದ ಹತ್ತಿರ ನಿಂತು ಕಾಲಿನಿಂದ ನೆಲ ತೋರಿಸಿದರು.

ಎರಡು ಅಡಿ ಕಪ್ಪು ಜೇಡಿಮಣ್ಣು ಬಂತು. ಆಮೇಲೆ ಗುದ್ದಲಿಗೆ ಕುಂಕುಮದಂಥ ಬಣ್ಣ ಹತ್ತಿತು. ವಾಸಂತಿ ಮುಟ್ಟಬೇಡಿ ಎಂದು ಕೂಲಿಗಳನ್ನು ಹಿಂದಕ್ಕೆ ಸರಿಸಿ, ಬಾಟಲಿ ತೆಗೆದಳು.

"ಎಷ್ಟು ಗುಂಡಿ ಇವೆ ತಾತಾ?"

"ಮೂರು. ಇದು ಒಂದು. ನೀರಿನ ಟ್ಯಾಂಕಿನ ಕೆಳಗೆ ಇನ್ನೊಂದು."

"ಮೂರನೇದು?"

ವಿಷ್ಣುತೀರ್ಥರು ಪೂರ್ವದ ಗೋಡೆಯ ಕಡೆ ತಿರುಗಿದರು. ಗೋಡೆಯಾಚೆ ಒಂದು ಮಹಡಿ ಮನೆ, ಮೇಲೆ ಒಣಹಾಕಿದ ಬಟ್ಟೆ.

"ಆಗ ಈ ಗೋಡೆ ಇರಲಿಲ್ಲ. ಆ ಕಡೆ ಗದ್ದೆ ಇತ್ತು, ನಿಗಮ ಆಮೇಲೆ ಸೈಟು ಮಾಡಿ ಮಾರಿತು." ಅವರು ತಿರುಮಲರ ಮುಖ ನೋಡಿದರು. "ನಿಮ್ಮ ಹಿತ್ತಲಲ್ಲಿದೆ. ನೀವು ಮನೆ ಕಟ್ಟೋವಾಗ ದಿನಾ ನೋಡ್ತಿದ್ದೆ. ಹೇಳಲಿಲ್ಲ."

ತಿರುಮಲ ತಮ್ಮ ಮನೆಯನ್ನು, ಆಮೇಲೆ ತಗ್ಗಿನ ಕೆಂಪು ಮಣ್ಣನ್ನು ನೋಡಿದರು. ಅವರು ಕೈ ಎತ್ತುತ್ತಾರೋ ಎಂದು ಶ್ರೀವಿದ್ಯಾ ಮಾವನ ಪಕ್ಕಕ್ಕೆ ಒಂದು ಹೆಜ್ಜೆ ಸರಿದಳು. ಗುರುಚರಣನೂ ಸರಿದ.

"ನನ್ನ ಹೆಂಡತಿ ಅಲ್ಲಿ ನುಗ್ಗೆ ಮರ ಹಾಕಿದ್ದಾಳೆ ರಾಯರೇ," ಎಂದರು ತಿರುಮಲ. "ನಿಮ್ಮ ಮನೆಗೂ ಕಾಯಿ ಕಳಿಸ್ತಿದ್ದಳು."

"ಗೊತ್ತು," ಎಂದರು ವಿಷ್ಣುತೀರ್ಥರು.

ತಿರುಮಲ ಗೇಟಿನ ಕಡೆ ನಡೆದರು. ಹತ್ತು ಹೆಜ್ಜೆ ಹೋಗಿ ನಿಂತು, ತಿರುಗದೆಯೇ, ಹಿತ್ತಲ ಬಾಗಿಲು ತೆಗೆಸುತ್ತೇನೆ, ಗುದ್ದಲಿ ತನ್ನಿ ಎಂದು ಕೂಲಿಗಳಿಗೆ ತಮಿಳಿನಲ್ಲಿ ಹೇಳಿದರು.